ಚೀಟಿಯಲ್ಲಿರುವ ಮಾತ್ರೆ ಬೇರೆ ಕಾಯಿಲೆಯದ್ದಾ? ಆಂಟಿಸೈಕೋಟಿಕ್ ಬರೆದಾಗ ಮನೆಯವರು ಮಾಡಬೇಕಾದ ಕೆಲಸಗಳು

"ಅಮ್ಮನಿಗೆ ಇರೋದು ಮರೆವಿನ ಕಾಯಿಲೆ. ಆಸ್ಪತ್ರೆಯಲ್ಲಿ ಕೊಡ್ತಿರೋ ಮಾತ್ರೆ ಹೆಸರು ಹಾಕಿ ಹುಡುಕಿದರೆ ಸ್ಕಿಜೋಫ್ರೇನಿಯಾ ಅಂತ ಬರುತ್ತೆ. ಡಾಕ್ಟ್ರು ತಪ್ಪು ಬರೆದಿದ್ದಾರಾ?"

"ತಮ್ಮನಿಗೆ ನಿದ್ದೆ ಬರಲ್ಲ ಅಂದಿದ್ದಕ್ಕೆ ಕ್ವೆಟಿಯಾಪಿನ್ ಕೊಟ್ಟಿದ್ದಾರೆ. ಅವನಿಗೆ ದೊಡ್ಡ ಕಾಯಿಲೆ ಇದೆ, ನಮ್ಮಿಂದ ಮುಚ್ಚಿಡ್ತಿದ್ದಾರೆ ಅಂತ ಅರ್ಥವಾ?"

ಈ ಎರಡು ಪ್ರಶ್ನೆಗಳನ್ನು ಜನ ನನ್ನ ಹತ್ತಿರ ಮತ್ತೆ ಮತ್ತೆ ಕೇಳುತ್ತಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ, ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡುವ ಫಾರ್ಮಸಿಸ್ಟ್. ಮಾತ್ರೆ ಬರೆಯುವುದು ಡಾಕ್ಟರ ಕೆಲಸ. ಅದರ ಬಗ್ಗೆ ಸರಿಯಾಗಿ ಪ್ರಶ್ನೆ ಕೇಳುವುದು ನಿಮ್ಮ ಕೆಲಸ. ಆ ಕೇಳುವ ಕೆಲಸಕ್ಕೆ ಈ ಬರಹ.

ಶುರು ಮಾಡುವ ಮೊದಲು ಒಂದು ಮಾತು. ಇದನ್ನು ಓದಿ ಇವತ್ತು ರಾತ್ರಿಯ ಮಾತ್ರೆ ನಿಲ್ಲಿಸಬೇಡಿ. ಈ ಗುಂಪಿನ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ನಿದ್ದೆ ಪೂರ್ತಿ ಹೋಗಬಹುದು, ವಾಂತಿ, ಬೆವರು, ಚಡಪಡಿಕೆ ಬರಬಹುದು. ಹಳೆಯ ತೊಂದರೆ ಮೊದಲಿಗಿಂತ ಜಾಸ್ತಿಯಾಗಿ ಮರಳಬಹುದು. ನಿಲ್ಲಿಸುವುದಕ್ಕೂ ಒಂದು ಕ್ರಮ ಇದೆ. ಅದನ್ನು ಕೊನೆಯ ಹಂತಗಳಲ್ಲಿ ಹೇಳುತ್ತೇನೆ.

ಮೊದಲು ಎರಡು ಪದ ತಿಳಿದುಕೊಳ್ಳಿ

ಆಂಟಿಸೈಕೋಟಿಕ್ ಅಂದರೆ ಭ್ರಮೆ, ಇಲ್ಲದ ದನಿ ಕೇಳಿಸುವುದು, ವಿಪರೀತ ಅನುಮಾನ ಇಂಥ ಲಕ್ಷಣಗಳನ್ನು (ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯಲ್ಲಿ ಕಾಣುವಂಥವು) ಕಡಿಮೆ ಮಾಡಲು ಬಂದ ಔಷಧಿಗಳು. ಮೊದಲನೆಯದು ಕ್ಲೋರ್‌ಪ್ರೊಮಜಿನ್. 1952ರಲ್ಲಿ ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ ಅದನ್ನು ಮಾನಸಿಕ ರೋಗಿಗಳಿಗೆ ಕೊಡಲು ಶುರು ಮಾಡಿದರು. ಆಮೇಲೆ ಹ್ಯಾಲೋಪೆರಿಡಾಲ್, ಕ್ಲೋಜಪಿನ್, ರಿಸ್ಪೆರಿಡೋನ್, ಒಲಾಂಜಪಿನ್, ಕ್ವೆಟಿಯಾಪಿನ್, ಅಮಿಸಲ್ಪ್ರೈಡ್, ಅರಿಪಿಪ್ರಜೋಲ್ ಬಂದವು. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನು ಇವು ತಗ್ಗಿಸುತ್ತವೆ ಅಥವಾ ಹದಕ್ಕೆ ತರುತ್ತವೆ.

ಆಫ್-ಲೇಬಲ್ ಅಂದರೆ ಔಷಧಿಗೆ ಸರ್ಕಾರ ಯಾವ ಕಾಯಿಲೆಗೆ, ಯಾವ ವಯಸ್ಸಿಗೆ, ಎಷ್ಟು ಪ್ರಮಾಣಕ್ಕೆ ಅನುಮತಿ ಕೊಟ್ಟಿದೆಯೋ ಅದರ ಆಚೆಗೆ ಬಳಸುವುದು. ನಮ್ಮ ದೇಶದಲ್ಲಿ ಹೊಸ ಔಷಧಿಗಳಿಗೆ ಆ ಅನುಮತಿ ಕೊಡುವುದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ. ಆಫ್-ಲೇಬಲ್ ಅಂದ ಮಾತ್ರಕ್ಕೆ ಕಳ್ಳತನವೂ ಅಲ್ಲ, ತಪ್ಪೂ ಅಲ್ಲ. ಎಷ್ಟೋ ಸಲ ಬೇರೆ ದಾರಿ ಇಲ್ಲದೆ, ರೋಗಿಯ ಒಳ್ಳೆಯದಕ್ಕೇ ಹೀಗೆ ಬರೆಯುತ್ತಾರೆ. ಡಾಕ್ಟರು ತಮ್ಮ ತಿಳಿವಳಿಕೆಯಿಂದ ಹೀಗೆ ಬರೆಯುವುದು ಬೇರೆ, ಕಂಪನಿ ತನ್ನ ಮಾತ್ರೆಯನ್ನು ಅನುಮತಿ ಇಲ್ಲದ ಕಾಯಿಲೆಗೂ ಪ್ರಚಾರ ಮಾಡುವುದು ಬೇರೆ. ಎರಡನೆಯದಕ್ಕೆ ಅಮೆರಿಕದಲ್ಲಿ ಭಾರಿ ಮೊತ್ತ ಕಟ್ಟಬೇಕಾಗಿ ಬಂದಿದೆ. ಒಲಾಂಜಪಿನ್ ವಿಷಯದಲ್ಲಿ ಎಲಿ ಲಿಲ್ಲಿ ಕಂಪನಿ 2009ರಲ್ಲಿ 140 ಕೋಟಿ ಡಾಲರಿಗೂ ಜಾಸ್ತಿ, ಕ್ವೆಟಿಯಾಪಿನ್ ವಿಷಯದಲ್ಲಿ ಆಸ್ಟ್ರಾಜೆನೆಕಾ 2010ರಲ್ಲಿ 52 ಕೋಟಿ ಡಾಲರ್ ಕಟ್ಟಿದವು.

ಕೈಯಲ್ಲಿ ಏನಿರಬೇಕು

ಒಂದು ನೋಟ್‌ಬುಕ್. ಮನೆಯಲ್ಲಿ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್, ಬಿಪಿ, ಶುಗರ್, ಗ್ಯಾಸ್, ಆಯುರ್ವೇದ ಎಲ್ಲ ಸೇರಿ. ಹಳೆಯ ಚೀಟಿಗಳು. ರೋಗಿಯ ತೂಕ. ಕೊನೆಯ ಶುಗರ್ ಮತ್ತು ಇಸಿಜಿ ರಿಪೋರ್ಟ್ ಇದ್ದರೆ ಅದು. ಇಷ್ಟು ಸಾಕು.

ಹಂತ 1: ಚೀಟಿಯನ್ನು ನೀವೇ ಓದಿ

ವಾರ್ಡಿನ ಚೀಟಿಯಲ್ಲಿ ಬ್ರಾಂಡ್ ಹೆಸರು ಇರುತ್ತದೆ. ಸ್ಟ್ರಿಪ್ ತಿರುಗಿಸಿ, ಬ್ರಾಂಡ್ ಹೆಸರಿನ ಹತ್ತಿರ ಸಣ್ಣ ಅಕ್ಷರದಲ್ಲಿ ಔಷಧಿಯ ನಿಜವಾದ ಹೆಸರು ಇರುತ್ತದೆ. ಅದನ್ನು ನೋಟ್‌ಬುಕ್ಕಿಗೆ ಇಳಿಸಿ. ಒಂದೇ ಔಷಧಿ ಹತ್ತಾರು ಬ್ರಾಂಡ್ ಹೆಸರಲ್ಲಿ ಸಿಗುತ್ತದೆ. ಬ್ರಾಂಡ್ ನೋಡಿ ಎರಡು ಬೇರೆ ಮಾತ್ರೆ ಅಂದುಕೊಂಡು ಎರಡನ್ನೂ ಕೊಟ್ಟವರಿದ್ದಾರೆ.

ಸಂಕೇತಗಳು ಹೀಗೆ: 1-0-1 ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಓಡಿ ಅಂದರೆ ದಿನಕ್ಕೆ ಒಮ್ಮೆ, ಬಿಡಿ ಅಂದರೆ ಎರಡು ಸಲ, ಟಿಡಿಎಸ್ ಅಂದರೆ ಮೂರು ಸಲ. ಎಚ್‌ಎಸ್ ಅಂದರೆ ಮಲಗುವಾಗ. ಎಸ್‌ಒಎಸ್ ಅಂದರೆ ಬೇಕಾದಾಗ ಮಾತ್ರ. ಈ ಎಸ್‌ಒಎಸ್ ಮೇಲೆ ಕಣ್ಣಿಡಿ. "ಬೇಕಾದಾಗ" ಅಂದರೆ ಯಾವಾಗ, ದಿನಕ್ಕೆ ಎಷ್ಟು ಸಲದವರೆಗೆ, ಯಾರು ನಿರ್ಧಾರ ಮಾಡಬೇಕು ಅಂತ ಕೇಳಿ ಬರೆದುಕೊಳ್ಳಿ. ಬರೆಯದೇ ಬಿಟ್ಟರೆ "ಬೇಕಾದಾಗ" ಅನ್ನೋದು ಮೆಲ್ಲಗೆ "ದಿನಾ ರಾತ್ರಿ" ಆಗಿಬಿಡುತ್ತದೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಇದೇ ಗುಂಪಿನ ಔಷಧಿ ಬೇರೆ ವೇಷದಲ್ಲಿ ಮನೆಯಲ್ಲೇ ಇರಬಹುದು. ಗ್ಯಾಸ್, ಹೊಟ್ಟೆ ಉಬ್ಬರಕ್ಕೆ ಅಂತ ಕೊಡುವ ಕೆಲವು ಕ್ಯಾಪ್ಸೂಲ್‌ಗಳಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಲೆವೋಸಲ್ಪಿರೈಡ್ ಸೇರಿರುತ್ತದೆ. ತಲೆಸುತ್ತಿಗೆ ಕೊಡುವ ಪ್ರೋಕ್ಲೋರ್‌ಪೆರಜಿನ್ ಕೂಡ ಈ ಮನೆತನದ್ದೇ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಆಂಟಿಸೈಕೋಟಿಕ್ ಅಲ್ಲದಿದ್ದರೂ ಡೋಪಮಿನ್ ಅನ್ನೇ ತಡೆಯುತ್ತದೆ. ವಯಸ್ಸಾದವರಿಗೆ ಇವು ವಾರ್ಡಿನ ಮಾತ್ರೆಯ ಜೊತೆ ಸೇರಿದರೆ ಕೈ ನಡುಕ, ಮೈ ಬಿಗಿತ ಬೇಗ ಬರುತ್ತದೆ. ಮಾನಸಿಕ ಆಸ್ಪತ್ರೆಯ ಡಾಕ್ಟರಿಗೆ ನಿಮ್ಮ ಊರಿನ ಡಾಕ್ಟರು ಕೊಟ್ಟ ಗ್ಯಾಸ್ ಮಾತ್ರೆ ಗೊತ್ತಿರುವುದಿಲ್ಲ. ಅದಕ್ಕೇ ಎಲ್ಲ ಸ್ಟ್ರಿಪ್ ತನ್ನಿ ಅಂದಿದ್ದು.

ಹಂತ 2: ಯಾವ ಕಾರಣಕ್ಕೆ ಬರೆದಿದ್ದಾರೆ ಅಂತ ಪತ್ತೆ ಮಾಡಿ

ಎಲ್ಲ ಆಫ್-ಲೇಬಲ್ ಒಂದೇ ಅಲ್ಲ. ಕೆಲವಕ್ಕೆ ಒಳ್ಳೆಯ ಆಧಾರ ಇದೆ. ಕೆಲವಕ್ಕೆ ಆಧಾರ ತೆಳು, ಅಪಾಯ ದೊಡ್ಡದು. ನಿಮ್ಮವರದ್ದು ಯಾವುದು ಅಂತ ತಿಳಿಯದೆ ಹೆದರುವುದೂ ಬೇಡ, ಸುಮ್ನೆ ಇರುವುದೂ ಬೇಡ.

*ನಿದ್ದೆಗೆ ಕ್ವೆಟಿಯಾಪಿನ್.* ಸ್ಕಿಜೋಫ್ರೇನಿಯಾಕ್ಕೆ ಈ ಔಷಧಿಯನ್ನು ದಿನಕ್ಕೆ ನೂರಾರು ಮಿಲಿಗ್ರಾಂ ಕೊಡುತ್ತಾರೆ. ನಿದ್ದೆಗೆ 25 ಅಥವಾ 50. ಇಷ್ಟು ಸಣ್ಣ ಪ್ರಮಾಣದಲ್ಲಿ ಅದು ಮುಖ್ಯವಾಗಿ ಹಿಸ್ಟಮಿನ್ ಎಂಬ ಇನ್ನೊಂದು ರಾಸಾಯನಿಕವನ್ನು ತಡೆದು ಮಂಪರು ತರಿಸುತ್ತದೆ. ನೆಗಡಿ ಮಾತ್ರೆ ನುಂಗಿದರೆ ತೂಕಡಿಕೆ ಬರುವುದೂ ಇದೇ ದಾರಿಯಲ್ಲಿ. ಹಾಗಾಗಿ ಈ ಮಾತ್ರೆ ಇದೆ ಅಂದ ಮಾತ್ರಕ್ಕೆ ನಿಮ್ಮ ತಮ್ಮನಿಗೆ ದೊಡ್ಡ ಕಾಯಿಲೆ ಇದೆ ಅಂತ ಅರ್ಥ ಅಲ್ಲ. ಆದರೆ ಬರೀ ನಿದ್ದೆಗೆ ಈ ಮಾತ್ರೆಯನ್ನು ತಿಂಗಳುಗಟ್ಟಲೆ ಕೊಡುವುದಕ್ಕೆ ಗಟ್ಟಿ ಆಧಾರ ಇಲ್ಲ. ಸಣ್ಣ ಪ್ರಮಾಣದಲ್ಲೂ ತೂಕ ಏರಬಹುದು. ವಾರ್ಡಿನಲ್ಲಿ ನಿದ್ದೆ ಬಾರದಿರುವುದಕ್ಕೆ ಕಾರಣ ಬೇರೆಯೂ ಇರಬಹುದು: ರಾತ್ರಿಯೆಲ್ಲ ಲೈಟು, ಪಕ್ಕದ ಹಾಸಿಗೆಯ ಗಲಾಟೆ, ಮಧ್ಯಾಹ್ನದ ನಿದ್ದೆ, ಸಂಜೆಯ ಕಾಫಿ. ಮನೆಗೆ ಹೋದ ಮೇಲೂ ಈ ಮಾತ್ರೆ ಬೇಕಾ ಅನ್ನುವ ಪ್ರಶ್ನೆ ನ್ಯಾಯವಾದದ್ದು.

*ಮರೆವಿನ ಕಾಯಿಲೆಯಲ್ಲಿ ಸಿಟ್ಟು, ಕೂಗಾಟ, ಹೊಡೆಯುವುದು.* ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಅಪಾಯ ಜಾಸ್ತಿ ಇರುವುದು ಇಲ್ಲೇ. 2005ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 17 ಪರೀಕ್ಷೆಗಳ ಲೆಕ್ಕ ನೋಡಿತು. ಹೊಸ ಪೀಳಿಗೆಯ ಆಂಟಿಸೈಕೋಟಿಕ್ ತೆಗೆದುಕೊಂಡ, ಮರೆವಿನ ಕಾಯಿಲೆಯ ವೃದ್ಧರಲ್ಲಿ ಸುಮಾರು ಹತ್ತು ವಾರದಲ್ಲಿ ಸತ್ತವರು ನೂರಕ್ಕೆ 4.5ರಷ್ಟು. ಔಷಧಿ ಇಲ್ಲದ ಸಕ್ಕರೆ ಮಾತ್ರೆ ತೆಗೆದುಕೊಂಡವರಲ್ಲಿ 2.6ರಷ್ಟು. ಹೃದಯದ ತೊಂದರೆ ಮತ್ತು ನ್ಯುಮೋನಿಯಾದಂಥ ಸೋಂಕು ಮುಖ್ಯ ಕಾರಣಗಳು. ಅವತ್ತಿನಿಂದ ಪ್ಯಾಕೆಟ್ಟಿನ ಮಾಹಿತಿ ಹಾಳೆಯಲ್ಲಿ ಕಪ್ಪು ಚೌಕದೊಳಗೆ ಎಚ್ಚರಿಕೆ ಹಾಕಿಸಿದರು. 2008ರಲ್ಲಿ ಹ್ಯಾಲೋಪೆರಿಡಾಲ್‌ನಂಥ ಹಳೆಯ ಔಷಧಿಗಳಿಗೂ ಅದೇ ಎಚ್ಚರಿಕೆ ಬಂತು. ಪಾರ್ಶ್ವವಾಯುವಿನ ಅಪಾಯವೂ ಏರುತ್ತದೆ. ಬ್ರಿಟನ್ನಿನಲ್ಲಿ 2009ರ ಸರ್ಕಾರಿ ವರದಿಯೊಂದು ಈ ಔಷಧಿಗಳಿಂದ ಅಲ್ಲಿ ವರ್ಷಕ್ಕೆ ಸುಮಾರು 1,800 ಹೆಚ್ಚುವರಿ ಸಾವು ಆಗುತ್ತಿವೆ ಅಂತ ಅಂದಾಜು ಮಾಡಿತು.

ಹಾಗಾದರೆ ಕೊಡಲೇಬಾರದಾ? ಹಾಗಲ್ಲ. ಅಪ್ಪ ರಾತ್ರಿ ಎದ್ದು ಅಮ್ಮನ ಮೇಲೆ ಕೈ ಮಾಡುತ್ತಿದ್ದರೆ, ತಮಗೇ ಪೆಟ್ಟು ಮಾಡಿಕೊಳ್ಳುತ್ತಿದ್ದರೆ, ಬೇರೆ ಎಲ್ಲ ಪ್ರಯತ್ನ ಆದಮೇಲೆ ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನಕ್ಕೆ ಕೊಡುವುದು ಸರಿಯಾದ ನಿರ್ಧಾರವೇ ಆಗಿರಬಹುದು. ಬ್ರಿಟನ್ನಿನಲ್ಲಿ ರಿಸ್ಪೆರಿಡೋನ್‌ಗೆ ಇದೇ ಕಾರಣಕ್ಕೆ ಅನುಮತಿ ಇದೆ, ಆದರೆ ಆರು ವಾರದವರೆಗೆ ಮಾತ್ರ. ಆ ಆರು ವಾರ ಅನ್ನುವ ಅಂಕಿ ನೆನಪಿಡಿ.

ಔಷಧಿಗೆ ಮೊದಲು ನೋಡಬೇಕಾದ್ದು: ಉರಿಮೂತ್ರ, ಮಲಬದ್ಧತೆ, ಹಲ್ಲುನೋವು, ಮಂಡಿನೋವು, ಹಸಿವು, ಕಿವಿ ಯಂತ್ರ ಕಳೆದುಹೋಗಿರುವುದು, ಕನ್ನಡಕ ಮನೆಯಲ್ಲೇ ಉಳಿದಿರುವುದು. ಮಾತಾಡಿ ಹೇಳಲು ಆಗದವರು ಸಿಟ್ಟಿನಲ್ಲಿ ಹೇಳುತ್ತಾರೆ. ಇವನ್ನೆಲ್ಲ ನೋಡಿದ್ದಾರಾ ಅಂತ ಕೇಳಿ.

ಒಂದು ದೊಡ್ಡ ಎಚ್ಚರಿಕೆ. ನಿಮ್ಮವರಿಗೆ ಪಾರ್ಕಿನ್ಸನ್ ಕಾಯಿಲೆ ಇದ್ದರೆ, ಅಥವಾ ಲೂಯಿ ಬಾಡಿ ಎಂಬ ಬಗೆಯ ಮರೆವಿನ ಕಾಯಿಲೆಯ ಅನುಮಾನ ಇದ್ದರೆ, ಮಾತ್ರೆ ಶುರುವಾಗುವ ಮೊದಲೇ ಹೇಳಿ. ಈ ಎರಡನೆಯ ಬಗೆಯಲ್ಲಿ ಇಲ್ಲದ ಮನುಷ್ಯರು, ಮಕ್ಕಳು, ಪ್ರಾಣಿಗಳು ಕಾಣುವುದು, ನಡಿಗೆ ನಿಧಾನವಾಗುವುದು, ನಿದ್ದೆಯಲ್ಲಿ ಕೈಕಾಲು ಬಡಿಯುವುದು, ಒಂದು ದಿನ ಚೆನ್ನಾಗಿದ್ದು ಇನ್ನೊಂದು ದಿನ ಮಂಕಾಗುವುದು ಇರುತ್ತದೆ. ಇಂಥವರಿಗೆ ಹ್ಯಾಲೋಪೆರಿಡಾಲ್‌ನಂಥ ಔಷಧಿ ಕೊಟ್ಟರೆ ಮೈ ಕಲ್ಲಾಗಿ ಜೀವಕ್ಕೇ ಅಪಾಯ ಆಗಬಹುದು.

*ಒಸಿಡಿ ಮತ್ತು ಖಿನ್ನತೆ.* ಒಸಿಡಿ ಅಂದರೆ ಮತ್ತೆ ಮತ್ತೆ ಕೈತೊಳೆಯುವ, ಬೀಗ ನೋಡುವ ಗೀಳಿನ ಕಾಯಿಲೆ. ಮೊದಲ ಔಷಧಿಯನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ವಾರ ಕೊಟ್ಟೂ ಫಲ ಸಿಗದಿದ್ದರೆ ಅದರ ಜೊತೆ ಸಣ್ಣ ಪ್ರಮಾಣದ ರಿಸ್ಪೆರಿಡೋನ್ ಅಥವಾ ಅರಿಪಿಪ್ರಜೋಲ್ ಸೇರಿಸುತ್ತಾರೆ. ಇದಕ್ಕೆ ಆಧಾರ ಚೆನ್ನಾಗಿದೆ, ಆದರೆ ಎಲ್ಲರಿಗೂ ಫಲ ಸಿಗುವುದಿಲ್ಲ. ಖಿನ್ನತೆಗೆ ಅರಿಪಿಪ್ರಜೋಲ್ ಜೊತೆಗೂಡಿಸುವುದಕ್ಕೆ ಅಮೆರಿಕದಲ್ಲಿ 2007ರಿಂದ ಅನುಮತಿಯೇ ಇದೆ. ಒಂದು ದೇಶದಲ್ಲಿ ಆಫ್-ಲೇಬಲ್ ಆದದ್ದು ಇನ್ನೊಂದರಲ್ಲಿ ಅನುಮತಿ ಪಡೆದಿರಬಹುದು.

*ಆಟಿಸಂ ಇರುವ ಮಕ್ಕಳ ಸಿಟ್ಟು.* ಅಮೆರಿಕದಲ್ಲಿ ರಿಸ್ಪೆರಿಡೋನ್‌ಗೆ 2006ರಲ್ಲಿ, ಅರಿಪಿಪ್ರಜೋಲ್‌ಗೆ 2009ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಗಮನಿಸಿ, ಅನುಮತಿ ಇರುವುದು ಕಿರಿಕಿರಿ, ಸಿಟ್ಟು, ತನಗೆ ತಾನೇ ಹೊಡೆದುಕೊಳ್ಳುವುದಕ್ಕೆ. ಮಾತು ಬರಿಸುವುದಕ್ಕಲ್ಲ. "ಈ ಮಾತ್ರೆ ಕೊಟ್ಟರೆ ಮಗು ಮಾತಾಡುತ್ತದೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

*ಎರಡು ಆಂಟಿಸೈಕೋಟಿಕ್ ಒಟ್ಟಿಗೆ.* ಹಳೆಯದನ್ನು ಇಳಿಸಿ ಹೊಸದನ್ನು ಏರಿಸುವಾಗ ಕೆಲವು ವಾರ ಎರಡೂ ಇರುವುದು ಸಹಜ. ಬದಲಾವಣೆ ಅರ್ಧಕ್ಕೆ ನಿಂತು ಎರಡೂ ಉಳಿದುಬಿಡುವುದು ತೊಂದರೆ. "ಹಳೆಯದು ಯಾವ ತಾರೀಖಿಗೆ ನಿಲ್ಲುತ್ತದೆ?" ಅಂತ ಕೇಳಿ.

ಹಂತ 3: ಡಾಕ್ಟರ ಹತ್ತಿರ ಈ ಐದು ಪ್ರಶ್ನೆ ಕೇಳಿ

ಬೆಳಗಿನ ರೌಂಡ್ಸ್ ಸಮಯದಲ್ಲಿ ಹತ್ತು ಜನರ ನಡುವೆ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಡ್ಯೂಟಿ ಡಾಕ್ಟರ ಹತ್ತಿರ, "ಸರ್, ಮಾತ್ರೆ ಬಗ್ಗೆ ಐದು ನಿಮಿಷ ಮಾತಾಡಬೇಕು, ಯಾವಾಗ ಬರಲಿ?" ಅಂತ ಮೊದಲೇ ಕೇಳಿಕೊಳ್ಳಿ. ಪ್ರಶ್ನೆ ಬರೆದುಕೊಂಡು ಹೋಗಿ. ರೋಗಿಯೂ ಜೊತೆಗಿದ್ದರೆ ಒಳ್ಳೆಯದು, ಮಾತ್ರೆ ನುಂಗುವವರು ಅವರೇ ಅಲ್ವಾ?

ಒಂದು, ಈ ಮಾತ್ರೆ ಯಾವ ತೊಂದರೆಗೆ? ಕಾಯಿಲೆಯ ಹೆಸರು ಸಾಲದು. "ರಾತ್ರಿ ಕೂಗಾಡುವುದಕ್ಕೆ", "ಮೂರು ಗಂಟೆಗೆ ಎಚ್ಚರ ಆಗುವುದಕ್ಕೆ" ಹೀಗೆ ಕಣ್ಣಿಗೆ ಕಾಣುವ ಒಂದು ವಿಷಯ ಬೇಕು.

ಎರಡು, ಈ ಉಪಯೋಗಕ್ಕೆ ಅನುಮತಿ ಇದೆಯಾ, ಇಲ್ಲದಿದ್ದರೆ ಯಾವ ಆಧಾರದ ಮೇಲೆ?

ಮೂರು, ಇದಕ್ಕೆ ಮೊದಲು ಬೇರೇನು ಪ್ರಯತ್ನ ಮಾಡಬಹುದಿತ್ತು? ಅದನ್ನು ಮಾಡಿದ್ದಾಗಿದೆಯಾ?

ನಾಲ್ಕು, ಫಲ ಬಂದಿದೆಯೋ ಇಲ್ಲವೋ ಅಂತ ಯಾವಾಗ ನೋಡುತ್ತೀರಿ?

ಐದು, ಯಾವಾಗ ನಿಲ್ಲಿಸುವ ಯೋಚನೆ? ಯಾರು ನಿಲ್ಲಿಸುತ್ತಾರೆ?

ಐದನೆಯದನ್ನು ಮರೆಯಲೇಬೇಡಿ. ನನ್ನ ಕೌಂಟರಿಗೆ ಬರುವ ಹಳೆಯ ಚೀಟಿಗಳಲ್ಲಿ ಶುರು ಮಾಡಿದ ಕಾರಣ ಯಾರಿಗೂ ನೆನಪಿಲ್ಲದ ಮಾತ್ರೆಗಳು ಎಷ್ಟೋ. ವಾರ್ಡಿನಲ್ಲಿ ಮೂರು ರಾತ್ರಿಯ ಗಲಾಟೆಗೆ ಶುರುವಾದದ್ದು ಮೂರು ವರ್ಷ ನಡೆದಿರುತ್ತದೆ. ಬರೆದವರು ಬೇರೆ ಊರಿಗೆ ವರ್ಗ ಆಗಿರುತ್ತಾರೆ. ಮುಂದಿನವರು "ಹಿಂದಿನವರು ಏನೋ ಕಾರಣ ಇಟ್ಟುಕೊಂಡೇ ಕೊಟ್ಟಿರಬೇಕು" ಅಂತ ಮುಂದುವರಿಸಿರುತ್ತಾರೆ. ಮನೆಯವರು ಡಾಕ್ಟರು ಹೇಳಿದ್ದಾರೆ ಅಂತ ಕೊಡುತ್ತಲೇ ಇರುತ್ತಾರೆ. ಯಾರದ್ದೂ ಕೆಟ್ಟ ಉದ್ದೇಶ ಅಲ್ಲ. ಕೊನೆಯ ತಾರೀಖನ್ನು ಯಾರೂ ಬರೆಯಲಿಲ್ಲ, ಅಷ್ಟೇ.

ಕೇಳುವ ಧಾಟಿ ಬಗ್ಗೆ ಒಂದು ಮಾತು. "ಇಂಟರ್‌ನೆಟ್ಟಲ್ಲಿ ಈ ಮಾತ್ರೆ ಕೆಟ್ಟದ್ದು ಅಂತ ಇದೆ" ಅಂತ ಶುರು ಮಾಡಿದರೆ ಮಾತು ಜಗಳದ ಕಡೆ ಹೋಗುತ್ತದೆ. "ನಾವು ಮನೆಯಲ್ಲಿ ಏನು ಗಮನಿಸಬೇಕು ಹೇಳಿ, ಬರೆದುಕೊಳ್ಳುತ್ತೇವೆ" ಅಂದರೆ ಬಹಳಷ್ಟು ಡಾಕ್ಟರು ಕುರ್ಚಿ ಎಳೆದು ಕೂರಿಸುತ್ತಾರೆ.

ಹಂತ 4: ಒಪ್ಪಿಗೆ ಅನ್ನೋದು ಬರೀ ಸಹಿ ಅಲ್ಲ

ಅಡ್ಮಿಷನ್ ದಿನ ಹಾಕಿದ ಒಂದು ಸಹಿ ಮುಂದಿನ ಎಲ್ಲ ಮಾತ್ರೆಗೂ ಒಪ್ಪಿಗೆ ಅಂತ ತುಂಬಾ ಜನ ತಿಳಿದಿದ್ದಾರೆ. ನಮ್ಮ ಕಾನೂನು ಹಾಗೆ ಹೇಳುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಒಪ್ಪಿಗೆ ಅಂದರೆ ಒಂದು ನಿರ್ದಿಷ್ಟ ಚಿಕಿತ್ಸೆಗೆ, ಅದರ ಲಾಭ, ಅಪಾಯ, ಬೇರೆ ದಾರಿಗಳನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದ ಮೇಲೆ, ಒತ್ತಾಯ ಇಲ್ಲದೆ ಕೊಡುವ ಒಪ್ಪಿಗೆ. ಅಂದರೆ ಕನ್ನಡದಲ್ಲಿ ಕೇಳುವುದು ನಿಮ್ಮ ಹಕ್ಕು. ಮರೆವಿನ ಕಾಯಿಲೆಯೂ ಈ ಕಾಯ್ದೆಯ ವ್ಯಾಪ್ತಿಗೆ ಬರಬಹುದು, ಯಾಕೆಂದರೆ ಮಾನಸಿಕ ಕಾಯಿಲೆ ಅನ್ನುವುದರ ವಿವರಣೆಯಲ್ಲಿ ನೆನಪಿನ ತೀವ್ರ ತೊಂದರೆಯೂ ಸೇರಿದೆ.

ತಾನಾಗಿ ಬಂದು ದಾಖಲಾದ ರೋಗಿಗೆ ಅವರ ಒಪ್ಪಿಗೆ ಇಲ್ಲದೆ ಚಿಕಿತ್ಸೆ ಕೊಡುವಂತಿಲ್ಲ ಅಂತ ಸೆಕ್ಷನ್ 86 ಹೇಳುತ್ತದೆ. ನಿರ್ಧಾರ ತೆಗೆದುಕೊಳ್ಳಲು ತುಂಬಾ ಸಹಾಯ ಬೇಕಾದವರನ್ನು ಸೆಕ್ಷನ್ 89ರಲ್ಲಿ 30 ದಿನದವರೆಗೆ ದಾಖಲು ಮಾಡಬಹುದು. ಆಗ ರೋಗಿಯ ಪರವಾಗಿ ನೇಮಕವಾದ ಪ್ರತಿನಿಧಿ ತಾತ್ಕಾಲಿಕವಾಗಿ ಒಪ್ಪಿಗೆ ಕೊಡಬಹುದು. ಆದರೆ ರೋಗಿ ತಾನೇ ನಿರ್ಧರಿಸುವ ಸ್ಥಿತಿಗೆ ಬಂದಿದ್ದಾರಾ ಅಂತ ಏಳು ದಿನಕ್ಕೊಮ್ಮೆ ನೋಡಬೇಕು. ಪ್ರತಿನಿಧಿಯನ್ನು ರೋಗಿ ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿ ನೇಮಿಸಬಹುದು. ಚೆನ್ನಾಗಿರುವಾಗಲೇ ಇದನ್ನು ಮಾಡಿಟ್ಟುಕೊಳ್ಳಿ. ಚಿಕಿತ್ಸೆಯ ಯೋಜನೆ, ಅಡ್ಡಪರಿಣಾಮಗಳ ಮಾಹಿತಿ ಕೇಳುವ ಹಕ್ಕು ರೋಗಿಗೂ ಪ್ರತಿನಿಧಿಗೂ ಇದೆ. ತನ್ನ ದಾಖಲೆಗಳನ್ನು ಪಡೆಯುವ ಹಕ್ಕು ರೋಗಿಗಿದೆ.

ಗಲಾಟೆಯ ರಾತ್ರಿಯಲ್ಲಿ ಕೊಡುವ ಇಂಜೆಕ್ಷನ್ ಬಗ್ಗೆ ಕೇಳುತ್ತೀರಿ. ನಮ್ಮಲ್ಲಿ ಸಾಮಾನ್ಯವಾಗಿ ಹ್ಯಾಲೋಪೆರಿಡಾಲ್ ಮತ್ತು ಪ್ರೊಮೆಥಜಿನ್ ಜೊತೆಯಾಗಿ ಕೊಡುತ್ತಾರೆ. ಜೀವಕ್ಕೆ ಅಪಾಯ ಇರುವಾಗ ಇದು ಬೇಕಾಗಬಹುದು. ಆದರೆ ವಾರ್ಡಿನಲ್ಲಿ ಜನ ಕಡಿಮೆ ಅಂತ, ರೋಗಿ ಸುಮ್ಮನಿರಲಿ ಅಂತ ಕೊಡುವುದು ಚಿಕಿತ್ಸೆ ಅಲ್ಲ. ಕೈಕಾಲು ಕಟ್ಟುವುದನ್ನು ಶಿಕ್ಷೆಗಾಗಿ ಅಥವಾ ಸಿಬ್ಬಂದಿ ಕೊರತೆಗಾಗಿ ಮಾಡಬಾರದು ಅಂತ ಕಾಯ್ದೆ ಹೇಳುತ್ತದೆ. ಔಷಧಿಯಿಂದ ಕಟ್ಟುವುದಕ್ಕೂ ಅದೇ ಪ್ರಶ್ನೆ ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಇಂಜೆಕ್ಷನ್ ಕೊಟ್ಟ ಸಮಯ, ಕಾರಣ ಕೇಸ್ ಶೀಟಿನಲ್ಲಿ ಬರೆದಿದ್ದಾರಾ ಅಂತ ಸಿಸ್ಟರನ್ನು ಮೆತ್ತಗೆ ಕೇಳಿ.

ಇನ್ನು ಡಿಪೋ ಇಂಜೆಕ್ಷನ್. ಒಮ್ಮೆ ಚುಚ್ಚಿದರೆ ಎರಡರಿಂದ ನಾಲ್ಕು ವಾರ, ಕೆಲವು ಇನ್ನೂ ಜಾಸ್ತಿ ದಿನ ಮೈಯಲ್ಲಿ ಕೆಲಸ ಮಾಡುತ್ತವೆ. ಮಾತ್ರೆಯಾದರೆ ತೊಂದರೆ ಕಂಡರೆ ನಿಲ್ಲಿಸಬಹುದು, ಇದನ್ನು ವಾಪಸ್ ತೆಗೆಯಲು ಆಗುವುದಿಲ್ಲ. ಅದೇ ಔಷಧಿಯನ್ನು ಮೊದಲು ಮಾತ್ರೆಯಾಗಿ ಕೊಟ್ಟು ನೋಡಿದ್ದಾರಾ ಅಂತ ಕೇಳಿ.

ಹಂತ 5: ಶುರುವಿನ ಅಳತೆಗಳನ್ನು ಬರೆಸಿಕೊಳ್ಳಿ

ತೂಕ, ಸೊಂಟದ ಸುತ್ತಳತೆ, ಬಿಪಿ, ಖಾಲಿ ಹೊಟ್ಟೆಯ ಶುಗರ್, ಕೊಲೆಸ್ಟ್ರಾಲ್. ಹೃದಯದ ಕಾಯಿಲೆ ಇದ್ದವರಿಗೆ, ವಯಸ್ಸಾದವರಿಗೆ ಇಸಿಜಿ. ಮೊದಲ ದಿನದ ಅಂಕಿ ಇಲ್ಲದಿದ್ದರೆ ಆಮೇಲೆ ಏರಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ತೂಕವನ್ನು 4, 8, 12ನೇ ವಾರ ನೋಡಿ, ಆಮೇಲೆ ಮೂರು ತಿಂಗಳಿಗೊಮ್ಮೆ. ಶುಗರ್, ಬಿಪಿ, ಕೊಲೆಸ್ಟ್ರಾಲ್ 12ನೇ ವಾರಕ್ಕೆ ಮತ್ತೆ. ಒಲಾಂಜಪಿನ್, ಕ್ಲೋಜಪಿನ್ ಆದರೆ ಇದು ಇನ್ನೂ ಮುಖ್ಯ. ಕ್ಲೋಜಪಿನ್‌ಗೆ ರಕ್ತದ ಬಿಳಿಕಣಗಳ ಪರೀಕ್ಷೆ ಶುರುವಿನ ತಿಂಗಳುಗಳಲ್ಲಿ ವಾರವಾರ ಬೇಕು. ಮಲಬದ್ಧತೆಯನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ, ಕ್ಲೋಜಪಿನ್‌ನಲ್ಲಿ ಅದು ಪ್ರಾಣಕ್ಕೆ ಬರಬಹುದು.

ಬೀಡಿ, ಸಿಗರೇಟು ಸೇದುವವರಾದರೆ ಅದನ್ನೂ ಹೇಳಿ. ಹೊಗೆಯಿಂದ ಒಲಾಂಜಪಿನ್ ಮತ್ತು ಕ್ಲೋಜಪಿನ್ ಮೈಯಿಂದ ಬೇಗ ಖಾಲಿಯಾಗುತ್ತವೆ. ವಾರ್ಡಿನಲ್ಲಿ ಬೀಡಿ ನಿಂತರೆ ಅದೇ ಪ್ರಮಾಣದ ಮಾತ್ರೆ ಜಾಸ್ತಿಯಾಗಿ ಕೆಲಸ ಮಾಡಿ ಮಂಪರು ಹೆಚ್ಚುತ್ತದೆ. ಮನೆಗೆ ಹೋಗಿ ಮತ್ತೆ ಸೇದಲು ಶುರು ಮಾಡಿದರೆ ಔಷಧಿ ಸಾಲದೆ ಹೋಗಬಹುದು.

ಹಂತ 6: ಪಕ್ಕದಲ್ಲಿ ಕೂತು ಇದನ್ನು ಗಮನಿಸಿ

ಕೂಡಲೇ ಸಿಸ್ಟರನ್ನು ಕರೆಯಬೇಕಾದವು: ಜ್ವರದ ಜೊತೆ ಮೈ ಕಟ್ಟಿಗೆಯಂತೆ ಬಿಗಿಯಾಗುವುದು, ಬೆವರು, ಗೊಂದಲ. ಇದು ಅಪರೂಪ, ಆದರೆ ಜೀವಕ್ಕೆ ಅಪಾಯ. ಮನೆಯಲ್ಲಿ ಆದರೆ ಮುಂದಿನ ಮಾತ್ರೆ ಕೊಡದೆ ನೇರ ಎಮರ್ಜೆನ್ಸಿಗೆ ಹೋಗಿ, ಸ್ಟ್ರಿಪ್ ಜೊತೆಯಲ್ಲಿರಲಿ. ಕತ್ತು ಒಂದು ಕಡೆ ತಿರುಚುವುದು, ನಾಲಗೆ ಹೊರಳದಿರುವುದು, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಳ್ಳುವುದು. ಇದನ್ನು ದೆವ್ವ ಅಂತ, ನಾಟಕ ಅಂತ ತಿಳಿದು ತಡ ಮಾಡಿದವರಿದ್ದಾರೆ. ಇದು ಔಷಧಿಯ ಪರಿಣಾಮ, ಒಂದು ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇಳಿಯುತ್ತದೆ. ತಲೆಸುತ್ತಿ ಬೀಳುವುದು, ಎದೆ ಬಡಿತ ತಪ್ಪುವುದು, ನುಂಗುವಾಗ ಕೆಮ್ಮು ಬರುವುದು ಕೂಡ ಇದೇ ಪಟ್ಟಿಗೆ ಸೇರಬೇಕು.

ಮೆಲ್ಲಗೆ ಬರುವವು ಬೇರೆ. ಒಂದು ಕಡೆ ಕೂರಲಾಗದೆ ಕಾಲು ಆಡಿಸುತ್ತಾ ಓಡಾಡುವುದನ್ನು ಅಕಥೀಸಿಯಾ ಅನ್ನುತ್ತಾರೆ. ಇಲ್ಲೊಂದು ದೊಡ್ಡ ತಪ್ಪು ಆಗುತ್ತದೆ. ಮಾತ್ರೆಯಿಂದ ಬಂದ ಈ ಚಡಪಡಿಕೆಯನ್ನು ಕಾಯಿಲೆ ಜಾಸ್ತಿಯಾಗಿದೆ ಅಂತ ತಿಳಿದು ಅದೇ ಮಾತ್ರೆಯನ್ನು ಏರಿಸಿಬಿಡುತ್ತಾರೆ. "ಇದು ಮಾತ್ರೆ ಶುರುವಾದ ಮೇಲೆ ಬಂದದ್ದಾ, ಮೊದಲೇ ಇತ್ತಾ?" ಅನ್ನುವುದಕ್ಕೆ ನಿಮ್ಮ ನೋಟ್‌ಬುಕ್ಕೇ ಉತ್ತರ. ಕೈ ನಡುಕ, ಮುಖ ಭಾವ ಇಲ್ಲದಂತಾಗುವುದು, ಮುಟ್ಟು ನಿಲ್ಲುವುದು, ಎದೆಯಲ್ಲಿ ಹಾಲು ಬರುವುದು, ಹುಡುಗರಲ್ಲಿ ಎದೆ ಬೆಳೆಯುವುದು ಕೂಡ ಹೇಳಿ. ನಾಚಿಕೆಗೆ ಹೇಳದೆ ಇರುತ್ತಾರೆ, ನೀವೇ ಕೇಳಿ. ತುಟಿ, ನಾಲಗೆ ತಾನಾಗಿ ಆಡುತ್ತಿದ್ದರೆ ತಡ ಮಾಡಬೇಡಿ, ಬಹಳ ದಿನ ಬಿಟ್ಟರೆ ಅದು ಶಾಶ್ವತ ಆಗಬಹುದು.

ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ಸೇರಿಸುತ್ತಾರೆ, ಪ್ಯಾಸಿಟೇನ್ ಅಂದರೆ ಹಲವರಿಗೆ ಗೊತ್ತು. ವಯಸ್ಸಾದವರಲ್ಲಿ ಅದು ಮರೆವು, ಗೊಂದಲ, ಮೂತ್ರ ಕಟ್ಟುವುದನ್ನು ಜಾಸ್ತಿ ಮಾಡಬಹುದು. ಅದನ್ನು ಸೇರಿಸುವ ಬದಲು ಮೊದಲ ಮಾತ್ರೆಯನ್ನೇ ಇಳಿಸಬಹುದಾ ಅಂತ ಕೇಳಿ.

ಹಂತ 7: ಡಿಸ್ಚಾರ್ಜ್ ದಿನ ಅವಸರ ಮಾಡಬೇಡಿ

ಬಿಲ್ಲು, ಆಟೊ, ಊರಿನ ಬಸ್ಸು ಎಲ್ಲದರ ನಡುವೆ ಈ ಹಂತವೇ ತಪ್ಪಿಹೋಗುತ್ತದೆ. ಡಿಸ್ಚಾರ್ಜ್ ಸಮ್ಮರಿ ಕೈಗೆ ಬಂದ ಮೇಲೆ ಅಲ್ಲೇ ಕೂತು ಓದಿ. ಪ್ರತಿ ಮಾತ್ರೆಯ ಮುಂದೆ ಮೂರು ವಿಷಯ ಇದೆಯಾ ನೋಡಿ: ಯಾವುದಕ್ಕೆ, ಎಷ್ಟು ದಿನ, ಯಾವಾಗ ಮತ್ತೆ ನೋಡಬೇಕು. ಇಲ್ಲದಿದ್ದರೆ ಡಾಕ್ಟರ ಹತ್ತಿರ ಕೈಬರಹದಲ್ಲಾದರೂ ಬರೆಸಿಕೊಳ್ಳಿ. "ರಾತ್ರಿ ಕೂಗಾಟಕ್ಕೆ, ಆರು ವಾರದ ನಂತರ ಇಳಿಸುವ ಬಗ್ಗೆ ನೋಡಬೇಕು" ಇಷ್ಟು ಸಾಲು ಸಾಕು. ಜ್ವರ, ಸೋಂಕು, ಆಪರೇಷನ್ ಆದಮೇಲೆ ಬಂದ ತಾತ್ಕಾಲಿಕ ಗೊಂದಲಕ್ಕೆ ಹ್ಯಾಲೋಪೆರಿಡಾಲ್ ಕೊಟ್ಟಿದ್ದರೆ, ಗೊಂದಲ ಹೋದ ಮೇಲೂ ಅದು ಸಮ್ಮರಿಯಲ್ಲಿ ಉಳಿದಿದೆಯಾ ಅಂತ ವಿಶೇಷವಾಗಿ ನೋಡಿ.

ಈ ಮಾತ್ರೆಗಳು ಚೀಟಿ ಇಲ್ಲದೆ ಮಾರುವಂಥವಲ್ಲ. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಮೆಡಿಕಲ್ ಶಾಪಿನಿಂದ ತರಿಸುತ್ತಾ ಇದ್ದರೆ ನಿಮ್ಮವರನ್ನು ಯಾರೂ ನೋಡುತ್ತಿಲ್ಲ ಅಂತ ಅರ್ಥ.

ಹಂತ 8: ಇಳಿಸುವುದು, ನಿಲ್ಲಿಸುವುದು

ನೋಟ್‌ಬುಕ್ ತೆಗೆದುಕೊಂಡು ಓಪಿಡಿಗೆ ಹೋಗಿ. ಮರೆವಿನ ಕಾಯಿಲೆಯ ಸಿಟ್ಟಿಗೆ ಶುರು ಮಾಡಿದ್ದರೆ, ಸರಿಯಾದ ಪ್ರಮಾಣದಲ್ಲಿ ನಾಲ್ಕು ವಾರ ಕೊಟ್ಟೂ ಫಲ ಕಾಣದಿದ್ದರೆ ಇಳಿಸಿ ನಿಲ್ಲಿಸಬೇಕು, ಫಲ ಕಂಡಿದ್ದರೂ ನಾಲ್ಕು ತಿಂಗಳೊಳಗೆ ಇಳಿಸಲು ಪ್ರಯತ್ನ ಮಾಡಬೇಕು ಅಂತ ಅಮೆರಿಕದ ಮನೋವೈದ್ಯರ ಸಂಘ 2016ರಲ್ಲಿ ಹೇಳಿದೆ. ಅಪ್ಪ ಈಗ ಶಾಂತವಾಗಿದ್ದಾರೆ ಅಂದರೆ ಅದು ಮಾತ್ರೆಯಿಂದಲೇ ಇರಬಹುದು, ಕಾಯಿಲೆ ಮುಂದಿನ ಘಟ್ಟಕ್ಕೆ ಹೋಗಿದ್ದಕ್ಕೂ ಇರಬಹುದು. ಇಳಿಸಿ ನೋಡದೆ ಗೊತ್ತಾಗುವುದಿಲ್ಲ.

ಇಳಿಸುವುದು ವಾರಗಳ ಲೆಕ್ಕದಲ್ಲಿ, ಬಹಳ ದಿನದಿಂದ ತೆಗೆದುಕೊಂಡಿದ್ದರೆ ತಿಂಗಳ ಲೆಕ್ಕದಲ್ಲಿ. ಎಷ್ಟೆಷ್ಟು ಅಂತ ಡಾಕ್ಟರು ಬರೆದುಕೊಡಬೇಕು. ಒಂದು ಸಲಕ್ಕೆ ಒಂದೇ ಮಾತ್ರೆ ಇಳಿಸಲಿ. ಮದುವೆ, ಮನೆ ಬದಲಾವಣೆ, ಹಬ್ಬದ ಗದ್ದಲದ ವಾರದಲ್ಲಿ ಶುರು ಮಾಡಬೇಡಿ. ಮೊದಲ ಕೆಲವು ರಾತ್ರಿ ನಿದ್ದೆ ಕೆಟ್ಟರೆ ಅದು ಕಾಯಿಲೆ ಮರಳಿದ್ದೇ ಅಂತ ಗಾಬರಿಯಾಗಿ ಹಳೆಯ ಪ್ರಮಾಣಕ್ಕೆ ನೀವೇ ಏರಿಸಬೇಡಿ, ಫೋನ್ ಮಾಡಿ ಕೇಳಿ. ಒಂದು ವಿಷಯ ಸ್ಪಷ್ಟವಾಗಿರಲಿ: ಸ್ಕಿಜೋಫ್ರೇನಿಯಾ, ಬೈಪೋಲಾರ್ (ಮನಸ್ಸು ವಿಪರೀತ ಏರಿ ಇಳಿಯುವ ಕಾಯಿಲೆ) ಇರುವವರಿಗೆ ಈ ಹಂತ ಹೀಗೇ ಹೊಂದುವುದಿಲ್ಲ. ಅವರಿಗೆ ಈ ಔಷಧಿ ಬಹಳ ವರ್ಷ ಬೇಕಾಗಬಹುದು, ಅದರಿಂದಲೇ ಅವರು ಕೆಲಸ, ಸಂಸಾರ ನಡೆಸುತ್ತಿರುತ್ತಾರೆ.

ಹಂತ 9: ಉತ್ತರ ಸಿಗದಿದ್ದರೆ

ಇನ್ನೊಬ್ಬ ಮನೋವೈದ್ಯರ ಅಭಿಪ್ರಾಯ ಕೇಳುವುದು ಮೊದಲ ಡಾಕ್ಟರಿಗೆ ಮಾಡುವ ಅವಮಾನ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಆಸ್ಪತ್ರೆಗಳ ಓಪಿಡಿಗೆ ಎಲ್ಲ ಚೀಟಿಗಳ ಜೊತೆ ಹೋಗಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಸೇವೆಯ ಬಗ್ಗೆ ದೂರಿದ್ದರೆ ಮೊದಲು ಅಲ್ಲಿನ ಮುಖ್ಯಸ್ಥರಿಗೆ ಬರೆದು ಕೊಡಿ, ಒಂದು ಪ್ರತಿ ಸೀಲ್ ಹಾಕಿಸಿ ಇಟ್ಟುಕೊಳ್ಳಿ. ಅಲ್ಲಿ ಸರಿಹೋಗದಿದ್ದರೆ ಕಾಯ್ದೆಯಡಿ ಇರುವ ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಗೆ ಹೋಗಬಹುದು.

ಮಾತ್ರೆಯಿಂದ ತೊಂದರೆ ಆದರೆ ಅದನ್ನು ದೇಶದ ಔಷಧ ಸುರಕ್ಷತೆ ವ್ಯವಸ್ಥೆಗೆ ರೋಗಿಯೋ ಮನೆಯವರೋ ನೇರವಾಗಿ ತಿಳಿಸಬಹುದು. ಉಚಿತ ಸಂಖ್ಯೆ 1800-180-3024. ಕರೆ ಮಾಡುವಾಗ ಸ್ಟ್ರಿಪ್ ಕೈಯಲ್ಲಿರಲಿ. ಔಷಧಿಯ ಹೆಸರು, ಬ್ಯಾಚ್ ಸಂಖ್ಯೆ, ಶುರು ಮಾಡಿದ ತಾರೀಖು, ತೊಂದರೆ ಕಂಡ ತಾರೀಖು ಕೇಳುತ್ತಾರೆ. ಅದಕ್ಕೇ ಸ್ಟ್ರಿಪ್ ಕತ್ತರಿಸುವಾಗ ಬ್ಯಾಚ್ ಸಂಖ್ಯೆ ಇರುವ ತುದಿಯನ್ನು ಕೊನೆಯವರೆಗೂ ಬಿಸಾಡಬೇಡಿ.